ಕೊರಳಿಗೆ ಬಿದ್ದ ಕಟ್ಟರ್

ಸೋಫಾ ಅಂಗಡಿಯ ಅಕ್ಕನಷ್ಟು ಹೆದರುವ ಜೀವ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಲಿಫ್ಟ್ ಕಂಡರೆ ಹೆದರಿಕೆ, ನಾಯಿ ಕಂಡರೆ ಹೆದರಿಕೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಡಿದುಕೊಂಡರೆ ಅವಳ ಎದೆಯೂ ಅದರ ಜೊತೆಗೇ ಬಡಿದುಕೊಳ್ಳುತ್ತಿತ್ತು. ಗುಡುಗಿದರೆ ಮಂಚದ ಕೆಳಗೆ ಸೇರಿಕೊಳ್ಳುವ ವಯಸ್ಸು ಎಂದೋ ದಾಟಿತ್ತು, ಆದರೂ ಸೇರಿಕೊಳ್ಳುತ್ತಿದ್ದಳು. ಮದುವೆಯ ಮಾತು ಬಂದಾಗ ಅದಕ್ಕೂ ಹೆದರಿದಳು. ಕೇಳಿಕೊಂಡು ಬಂದವರು ಬಂದ ದಾರಿ ಹಿಡಿದರು, ಅವಳಿಗೆ ಹಾಯೆನಿಸಿತು. ಪಕ್ಕದ ಚಾವಿ ಅಂಗಡಿಯ ಅಜ್ಜ ಅವಳನ್ನು ಕರೆಯುತ್ತಿದ್ದುದೇ ಪುಕ್ಕಲಕ್ಕ ಎಂದು. ಸುಳ್ಳೇನೂ ಅಲ್ಲವಲ್ಲ ಎಂದು ಅವಳು ಸುಮ್ಮನಿರುತ್ತಿದ್ದಳು.

ಇಂಥವಳ ಕೊರಳಿಗೆ ಒಂದು ದಿನ ಆಸ್ಪತ್ರೆಯವರು ಕಟ್ಟರ್ ತೂಗುಹಾಕಿದರು. ತಂತಿ ಕತ್ತರಿಸುವ ಅಂಗೈಯಗಲದ ಕಟ್ಟರ್. ತಮ್ಮನ ಉಸಿರು ಸಿಕ್ಕಿಕೊಂಡರೆ ಅವನ ಬಾಯಿ ಬಿಡಿಸುವ ಕೆಲಸ ಅವಳದು. ದೇವರಿಗೂ ತಮಾಷೆ ಮಾಡಲು ಬೇರೆ ಜನ ಸಿಗಲಿಲ್ಲವೇನೋ.

ಅಂಗಡಿ ಅಪ್ಪನ ಕಾಲದ್ದು. ಹಳೆಯ ಸೋಫಾ, ಕುರ್ಚಿ, ಕಾರಿನ ಸೀಟು, ಏನು ಬಂದರೂ ಹರಿದ ಬಟ್ಟೆ ಕಿತ್ತು, ಸ್ಪ್ರಿಂಗ್ ಬಿಗಿದು, ಹತ್ತಿ ತುಂಬಿ, ಹೊಸ ಬಟ್ಟೆ ಹೊದಿಸಿ ಕೊಡುವ ಕೆಲಸ. ಅಕ್ಕ ಹೊಲಿಯುವಳು, ತಮ್ಮ ಮೊಳೆ ಹೊಡೆಯುವವನು. ಅಮ್ಮ ಹೋದಾಗ ಅವನಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಮಗು. ಅಂದಿನಿಂದ ಅವನ ಊಟ, ಜ್ವರ, ಜಗಳ ಎಲ್ಲ ಅವಳ ಪಾಲಿಗೆ. ಅಪ್ಪನೂ ಹೋದ ಮೇಲೆ ಉಳಿದವರು ಇಬ್ಬರೇ.

ತಮ್ಮನ ಕೆಳದವಡೆ ಬೆಳೆಯುತ್ತಲೇ ಹೋಯಿತು. ಬೇರೆಯವರಿಗೆ ನಿಲ್ಲುವ ವಯಸ್ಸಿನಲ್ಲಿ ಅವನದು ನಿಲ್ಲಲಿಲ್ಲ. ಮುಂದಕ್ಕೆ ಬಂತು, ಆಮೇಲೆ ಎಡಕ್ಕೂ ವಾಲಿತು. ಶಾಲೆಯಲ್ಲಿ ಹುಡುಗರು, ಮೊದಲು ಗದ್ದ ಬರುತ್ತದೆ, ಮನುಷ್ಯ ಆಮೇಲೆ ಬರುತ್ತಾನೆ ಎಂದು ಆಡಿಕೊಂಡರು. ಆದರೆ ಅಪ್ಪನ ಅಂಗಡಿಯಲ್ಲಿ ಆ ಗದ್ದವೇ ದೊಡ್ಡ ಆಸ್ತಿಯಾಯಿತು. ಈ ಕಸುಬಿನವರು ಸಣ್ಣ ಮೊಳೆಗಳನ್ನು ಬಾಯಿಗೇ ಸುರಿದುಕೊಳ್ಳುತ್ತಾರೆ. ಎಡಗೈ ಬಟ್ಟೆ ಎಳೆದು ಹಿಡಿದಿರುತ್ತದೆ, ಬಲಗೈಯಲ್ಲಿ ಸುತ್ತಿಗೆ; ಮೊಳೆ ಹೆಕ್ಕಲು ಮೂರನೆಯ ಕೈ ಎಲ್ಲಿಂದ ತರುವುದು? ನಾಲಿಗೆ ಒಂದೊಂದಾಗಿ ಮೊಳೆಯನ್ನು ತಿರುಗಿಸಿ ತಲೆ ಮುಂದಾಗಿ ತುಟಿಗೆ ತಳ್ಳುತ್ತದೆ. ಸುತ್ತಿಗೆಯ ಒಂದು ಮುಖ ಅಯಸ್ಕಾಂತ. ಅದನ್ನು ತುಟಿಗೆ ತಂದರೆ ಮೊಳೆ ಟಿಕ್ಕೆಂದು ಅಂಟಿಕೊಳ್ಳುತ್ತದೆ, ಹೊಡೆದರೆ ಮರಕ್ಕೆ ಇಳಿಯುತ್ತದೆ. ಮುಂಚಾಚಿದ ಕೆಳತುಟಿಯಲ್ಲಿ ತಮ್ಮ ಹಿಡಿಯುತ್ತಿದ್ದಷ್ಟು ಮೊಳೆಯನ್ನು ಅಪ್ಪನೂ ಹಿಡಿಯುತ್ತಿರಲಿಲ್ಲ. ನನ್ನ ಮಗನಿಗೆ ದೇವರು ಮೊಳೆ ಡಬ್ಬಿ ಕೊಟ್ಟೇ ಕಳಿಸಿದ್ದಾನೆ ಎಂದು ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದ.

ಬಾಯಿ ತುಂಬ ಮೊಳೆ ಇದ್ದವನು ಮಾತಾಡುವುದು ಹೇಗೆ? ಸುತ್ತಿಗೆಯಿಂದ ಮರದ ಚೌಕಟ್ಟನ್ನು ತಟ್ಟುತ್ತಿದ್ದ. ಒಂದು ತಟ್ಟು ಎಂದರೆ ದಾರ ಕತ್ತರಿಸು. ಎರಡು ತಟ್ಟು ಎಂದರೆ ಬಟ್ಟೆ ಎಳೆದು ಹಿಡಿ. ಮೂರು ತಟ್ಟು ಎಂದರೆ ಟೀ. ಅಕ್ಕ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಟಕ್ಕೆಂದರೆ ಕತ್ತರಿ ಕಚಕ್ಕೆನ್ನುತ್ತಿತ್ತು. ಅಷ್ಟು ವರ್ಷದಲ್ಲಿ ಒಂದು ಸಲವೂ ಅವಳ ಕತ್ತರಿ ಯಾಕೆ ಎಂದು ಕೇಳಿದ್ದಿಲ್ಲ.

ತಮ್ಮನಿಗೆ ಮೂವತ್ತು ದಾಟಿದ ಮೇಲೆ ದವಡೆ ಕೈಕೊಡಲು ಶುರುವಾಯಿತು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಮುಖಾಮುಖಿಯೇ ಇಲ್ಲ. ಹಿಂದೆ ಒಂದು ಮೂಲೆಯಲ್ಲಿ ಎರಡು ಹಲ್ಲು ಮಾತ್ರ ಸೇರುತ್ತಿದ್ದವು, ಎಲ್ಲ ಅಗಿತವೂ ಅವುಗಳ ತಲೆಗೇ. ಕಿವಿಯ ಹತ್ತಿರ ಸಂದು ಕಟಕಟ ಎನ್ನುತ್ತಿತ್ತು. ಒಂದು ಮಧ್ಯಾಹ್ನ ಆಕಳಿಸಲು ತೆರೆದ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತು. ಚಾವಿ ಅಜ್ಜ ಬಂದು, "ಬೀಗ ಆಗಿದ್ರೆ ಬಿಚ್ತಿದ್ದೆ" ಎಂದು ಕೈಚೆಲ್ಲಿದ. ಆಸ್ಪತ್ರೆಯಲ್ಲಿ ದವಡೆ ಮತ್ತೆ ಕೂರಿಸಿದವರೇ ಹೇಳಿದರು, ಇದು ಹೀಗೇ ಬಿಟ್ಟರೆ ಆಗುವುದಿಲ್ಲ ಎಂದು.

ದವಡೆಯ ಡಾಕ್ಟರಮ್ಮ ಕೈಯಲ್ಲಿ ಪ್ಲಾಸ್ಟಿಕ್ ತಲೆಬುರುಡೆ ಹಿಡಿದು ವಿವರಿಸಿದರು. "ಕೆಳದವಡೆ ಹಿಂದಕ್ಕೆ, ಮೇಲ್ದವಡೆ ಸ್ವಲ್ಪ ಮುಂದಕ್ಕೆ. ಮೂಳೆ ಕೊಯ್ದು, ಜರುಗಿಸಿ, ಪ್ಲೇಟ್ ಇಟ್ಟು ಸ್ಕ್ರೂ ಬಿಗೀತೀವಿ. ಎಲ್ಲ ಬಾಯೊಳಗಿಂದಲೇ, ಹೊರಗೆ ಗುರುತು ಕಾಣಲ್ಲ. ಆಮೇಲೆ ಕೆಲವು ವಾರ ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿ ಕಟ್ಟಿರ್ತೀವಿ. ಬಾಯಿ ತೆರೆಯೋ ಹಾಗಿಲ್ಲ."

ಕುರ್ಚಿಯ ಕಾಲು ಕೊಯ್ದು ಸಮಮಾಡುವುದನ್ನು ಅಕ್ಕ ಎಷ್ಟೋ ಸಲ ನೋಡಿದ್ದಳು. ಒಂದು ಕಾಲು ಕೊಯ್ದರೆ ಇನ್ನೊಂದು ಉದ್ದ ಕಾಣುತ್ತದೆ, ಅದನ್ನು ಕೊಯ್ದರೆ ಮತ್ತೊಂದು, ಕೊನೆಗೆ ಕುರ್ಚಿ ಹೋಗಿ ಮಣೆಯಾಗುತ್ತದೆ.

"ಸ್ಕ್ರೂ ಯಾವುದರದ್ದು ಡಾಕ್ಟರೇ? ಇವನ ಸುತ್ತಿಗೆ ಅಯಸ್ಕಾಂತದ್ದು. ಮುಖದ ಹತ್ತಿರ ತಂದ್ರೆ ಕಿತ್ಕೊಂಡು ಬರಲ್ವಾ?"

ತಮ್ಮ ನಾಚಿಕೆಯಿಂದ ಗೋಡೆ ನೋಡಿದ. ಡಾಕ್ಟರಮ್ಮ ನಗಲಿಲ್ಲ, ಪುಣ್ಯ. "ಟೈಟಾನಿಯಂ ಅಮ್ಮ. ಅಯಸ್ಕಾಂತಕ್ಕೆ ಅಂಟೋದೇ ಇಲ್ಲ. ನಾನು ಹೇಳಬೇಕಾಗಿರೋದು ಬೇರೆ. ಕೆಳತುಟಿ, ಗದ್ದ ಮರಗಟ್ಟಿದ ಹಾಗಿರುತ್ತೆ. ತಿಂಗಳುಗಟ್ಟಲೆ ಇರಬಹುದು. ಕೆಲವರಿಗೆ ಪೂರ್ತಿ ಸ್ಪರ್ಶ ವಾಪಸ್ ಬರೋದೇ ಇಲ್ಲ."

ಹೊರಗೆ ಬಂದ ಮೇಲೆ ಅಕ್ಕ ಕಾರಿಡಾರಿನಲ್ಲೇ ಕೂತುಬಿಟ್ಟಳು. "ಬೇಡ ಕಣೋ. ಇಷ್ಟು ವರ್ಷ ಬದುಕಿಲ್ವಾ ಹೀಗೇ? ಮೆತ್ತಗೆ ಬೇಯಿಸಿ ಹಾಕ್ತೀನಿ, ತಿನ್ನು."

ತಮ್ಮ ಯಾವಾಗಲೂ ಗೋಡೆಗೆ ಮುಖ ಮಾಡಿ ಊಟ ಮಾಡುವವನು. ಅನ್ನ ಬಾಯಿಂದ ಜಾರುವುದು ಯಾರಿಗೂ ಕಾಣಬಾರದೆಂದು, ಅಕ್ಕನಿಗೂ ಬೆನ್ನು ತೋರಿಸಿಯೇ ಕೂರುತ್ತಿದ್ದ. ಅವನು ಅವಳ ಪಕ್ಕ ಕೂತು, "ನಿನ್ನ ಎದುರು ಕೂತು ಒಂದು ತುತ್ತು ತಿನ್ಬೇಕು ಅಕ್ಕ. ಅಷ್ಟೇ" ಎಂದ. ಅವಳು ಎದ್ದು ಮತ್ತೆ ಡಾಕ್ಟರಮ್ಮನ ಕೋಣೆಯ ಕಡೆ ನಡೆದಳು.

ಆಪರೇಷನ್ನಿಗೆ ಮುಂಚೆ ಡಾಕ್ಟರಮ್ಮ ಕಟ್ಟರ್ ಕೊಟ್ಟರು, ತಲೆಬುರುಡೆಯ ಹಲ್ಲಿಗೆ ಕಟ್ಟಿದ ತಂತಿಯನ್ನು ತೋರಿಸಿದರು. "ಇಲ್ಲಿ ಮೇಲೆ ಕೆಳಗೆ ಸೇರಿಸಿರೋ ತಂತಿ ಇದೆಯಲ್ಲ, ಇಷ್ಟನ್ನೇ ಕತ್ತರಿಸಬೇಕು. ಯಾವಾಗ? ವಾಂತಿ ಬಂದು ಹೊರಗೆ ಬರದೇ ಹೋದ್ರೆ. ಉಸಿರು ನಿಂತ್ರೆ. ಆವಾಗ ನಮಗೆ ಫೋನ್ ಮಾಡ್ತಾ ಕೂರಬೇಡಿ, ಕತ್ತರಿಸಿ. ಆದ್ರೆ ಸುಮ್ಮನೆ ಗಾಬರಿಗೆ ಕತ್ತರಿಸಿಬಿಡಬೇಡಿ. ಮೂಳೆ ಇನ್ನೂ ಕೂಡಿಕೊಂಡಿರಲ್ಲ. ಜಾರಿತು ಅಂದ್ರೆ ಮತ್ತೆ ಮೊದಲಿಂದ ಆಪರೇಷನ್, ಆಮೇಲೆ ಇಷ್ಟು ಚೆನ್ನಾಗಿ ಕೂರುತ್ತೆ ಅಂತ ನಾನು ಹೇಳಲಾರೆ."

ಕತ್ತರಿಸದಿದ್ದರೆ ಸಾಯಬಹುದು, ಕತ್ತರಿಸಿದರೆ ಕೆಡಬಹುದು. ಇದನ್ನು ಯಾರ ಕೈಯಲ್ಲಿ ಕೊಡುತ್ತಿದ್ದೇನೆ ಎಂದು ಡಾಕ್ಟರಮ್ಮನಿಗೆ ಗೊತ್ತಿದ್ದರೆ ಕಟ್ಟರ್ ವಾಪಸ್ ಇಸಿದುಕೊಳ್ಳುತ್ತಿದ್ದರು.

ತಮ್ಮ ಮಂಚದ ಕಂಬಿಯನ್ನು ಬೆರಳಿನಿಂದ ಒಂದು ಸಲ ತಟ್ಟಿದ. "ನಾನು ಹೀಗೆ ಒಂದು ತಟ್ಟು ಕೊಟ್ರೆ ಕತ್ತರಿಸಬೇಕು. ನಿಂಗೆ ಗೊತ್ತಿರೋದೇ. ಯೋಚನೆ ಮಾಡ್ಬೇಡ. ನೀನು ಯೋಚನೆ ಮಾಡೋಕೆ ಕೂತ್ರೆ ನಾನು ಹೋಗಿಬಿಟ್ಟಿರ್ತೀನಿ. ಮಾತು ಕೊಡು."

"ಬಿಡ್ತು ಅನ್ನು" ಎಂದಳು ಅಕ್ಕ.

"ಮಾತು ಕೊಡಕ್ಕ."

ಕೊಟ್ಟಳು.

ಆಪರೇಷನ್ ನಡೆದಷ್ಟು ಹೊತ್ತು ಅವಳು ಹೊರಗಿನ ಬೆಂಚಿನ ಮೇಲಿದ್ದಳು. ಬೆಂಚಿನ ರೆಕ್ಸಿನ್ ಒಂದು ಕಡೆ ಹರಿದಿತ್ತು. ಅವಳ ಬೆರಳು ತಾನಾಗಿಯೇ ಹರಕಿನೊಳಗೆ ಹೋಗಿ ಒಳಗಿನ ಸ್ಪಂಜನ್ನು ತಡವುತ್ತಿತ್ತು. ಕಳಪೆ ಸ್ಪಂಜು, ಪುಡಿಪುಡಿಯಾಗಿತ್ತು. ಬಾಗಿಲು ತೆರೆದಾಗಲೆಲ್ಲ ಎದ್ದು ನಿಂತಳು, ಬೇರೆ ಯಾರಿಗೋ ಎಂದು ತಿಳಿದು ಕೂತಳು. ಒಳಗೆ ಗರಗಸದ ಸದ್ದು ಕೇಳಿಸಿತು ಎಂದು ಅವಳು ಆಮೇಲೆ ಆಣೆ ಮಾಡಿ ಹೇಳುತ್ತಿದ್ದಳು. ಅಷ್ಟು ಬಾಗಿಲು ದಾಟಿ ಕೇಳಿಸಲು ಸಾಧ್ಯವೇ ಇರಲಿಲ್ಲ.

ಕೊನೆಗೆ ಅವನನ್ನು ಸ್ಟ್ರೆಚರ್ ಗಾಡಿಯಲ್ಲಿ ತಂದಾಗ ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಯಾರದೋ ರೋಗಿ ಎಂದುಕೊಂಡಿದ್ದಳು. ಮುಖ ಉಬ್ಬಿ ಕುಂಬಳವಾಗಿತ್ತು, ಕಣ್ಣು ಗೀರಿನಷ್ಟು ಸಣ್ಣವಾಗಿದ್ದವು, ಮೂಗಿನ ಹತ್ತಿರ ಒಣಗಿದ ರಕ್ತ, ತುಟಿಯ ಸಂದಿನಲ್ಲಿ ತಂತಿಯ ಮಿನುಗು. ಗಾಡಿ ಮುಂದೆ ಹೋಗುವಾಗ ಬೆರಳೊಂದು ಕಂಬಿಯನ್ನು ಮೂರು ಸಲ ತಟ್ಟಿತು. ಟೀ ಕೇಳುತ್ತಿದ್ದಾನೆ, ಕುಡಿಯಲಾಗದ ಟೀ! ಆಗ ಅವಳಿಗೆ ತಮ್ಮ ಎಂದು ಗೊತ್ತಾಯಿತು, ಅಲ್ಲೇ ಬಿಕ್ಕಿಬಿಕ್ಕಿ ಅತ್ತಳು.

ಮನೆಗೆ ಬಂದ ಮೇಲೆ ನಿಜವಾದ ಹೆದರಿಕೆ ಶುರುವಾಯಿತು. ಆಸ್ಪತ್ರೆಯಲ್ಲಿ ಹೆದರಲು ಇನ್ನೂ ನಾಲ್ಕು ಜನ ಇದ್ದರು. ಮನೆಯಲ್ಲಿ ಪೂರ್ತಿ ಅವಳೇ ಹೆದರಬೇಕು. ಸಿರಿಂಜಿಗೆ ಸಣ್ಣ ಕೊಳವೆ ಸಿಕ್ಕಿಸಿ ಕೆನ್ನೆಯ ಮೂಲೆಯಿಂದ ಹಾಲು, ತಿಳಿಗಂಜಿ ಬಿಡುತ್ತಿದ್ದಳು. ಒಂದೊಂದು ಗುಟುಕಿಗೂ ಅವನ ಗಂಟಲು ನೋಡುತ್ತಾ ತಾನೂ ಉಗುಳು ನುಂಗುತ್ತಿದ್ದಳು. ಅವನು ಕೆಮ್ಮಿದರೆ ಅವಳ ಕೈ ಕೊರಳಿಗೆ ಹೋಗುತ್ತಿತ್ತು. ಸೀನಿದರೆ ಹೋಗುತ್ತಿತ್ತು. ನಿದ್ದೆಯಲ್ಲಿ ಸದ್ದಿಲ್ಲದೆ ಮಲಗಿದರೆ ಇನ್ನೂ ಗಾಬರಿ, ಮೂಗಿನ ಹತ್ತಿರ ಹತ್ತಿಯ ಎಳೆ ಹಿಡಿದು ಅಲುಗುತ್ತದೆಯೇ ಎಂದು ನೋಡುತ್ತಿದ್ದಳು. ಅವನು ಕಣ್ಣುಬಿಟ್ಟು ಗುರಾಯಿಸುತ್ತಿದ್ದ.

ಅಭ್ಯಾಸ ಇರಲೆಂದು ಅಂಗಡಿಯ ತಂತಿ ಕತ್ತರಿಸಿ ನೋಡಿದಳು. ಹಳೆಯ ಸ್ಪ್ರಿಂಗುಗಳನ್ನೆಲ್ಲ ಚೂರು ಚೂರು ಮಾಡಿಟ್ಟಳು. ಕಟ್ಟರ್ ಹರಿತವಾಗಿತ್ತು, ಕೈಯೂ ಗಟ್ಟಿಯಾಗಿತ್ತು. ಚಾವಿ ಅಜ್ಜ ಬಂದು ನೋಡಿ, "ಪುಕ್ಕಲಕ್ಕ, ಅವನ ತಂತಿ ಹಾಗಿರ್ಲಿ, ನನ್ನ ಅಂಗಡಿ ಸರಪಳಿಗೆ ಕೈ ಹಾಕ್ಬೇಡ" ಎಂದ. ನಕ್ಕಳು. ಆದರೆ ಕೆಲಸದ ತಂತಿ ಬೇರೆ, ತಮ್ಮನ ಬಾಯೊಳಗಿನ ತಂತಿ ಬೇರೆ ಎಂಬುದು ಅವಳಿಗೆ ಒಳಗೊಳಗೇ ಗೊತ್ತಿತ್ತು.

ಊತ ಇಳಿಯಿತು. ಕನ್ನಡಿಯಲ್ಲಿ ಒಂದು ಹೊಸ ಮುಖ ಕಾಣತೊಡಗಿತು. ಗದ್ದ ಹಿಂದೆ ಸರಿದು ಮೂಗಿನ ನೇರಕ್ಕೆ ಬಂದಿತ್ತು. ಥೇಟು ಅಮ್ಮನ ಬಾಯಿ. ಅಕ್ಕ ಅದನ್ನು ಅವನಿಗೆ ಹೇಳಲಿಲ್ಲ, ಕಣ್ಣು ತಾಗುತ್ತದೇನೋ ಎಂದು. ಕೆಳತುಟಿ ಮಾತ್ರ ಸತ್ತ ಹಾಗೇ ಇತ್ತು. ಹಾಲು ಇಳಿದು ಗದ್ದದಲ್ಲಿ ತೊಟ್ಟಿಕ್ಕುತ್ತಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ. ಅವಳು ತನ್ನ ಗದ್ದ ಮುಟ್ಟಿ ತೋರಿಸಿದರೆ ಒರೆಸಿಕೊಳ್ಳುತ್ತಿದ್ದ.

ಮನೆಯಲ್ಲಿ ಕೂತು ಕೂತು ಅವನಿಗೆ ತಲೆ ಕೆಟ್ಟಿತ್ತು. ಅಂಗಡಿಗೆ ಬರುತ್ತೇನೆ, ಸುಮ್ಮನೆ ಕೂತಿರುತ್ತೇನೆ ಎಂದು ಸ್ಲೇಟಿನ ಮೇಲೆ ಬರೆದು ಕಾಡಿದ. ಅವಳಿಗೂ ಅವನು ಕಣ್ಣೆದುರು ಇದ್ದರೆ ವಾಸಿ ಎನಿಸಿತು. ಕರೆದುಕೊಂಡು ಹೋದಳು. ಸಿನಿಮಾ ಥಿಯೇಟರಿನ ಸೀಟುಗಳು ರಿಪೇರಿಗೆ ಬಂದು ಸಾಲಾಗಿ ಕೂತಿದ್ದವು, ಹೊಟ್ಟೆ ಬಗೆದು ಹತ್ತಿ ಹೊರಗೆ ಹಾಕಿದ ಸೀಟುಗಳು. ತಮ್ಮನನ್ನು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂರಿಸಿ ಅಕ್ಕ ಹೊಲಿಗೆ ಯಂತ್ರಕ್ಕೆ ಕೂತಳು. ಯಂತ್ರ ಇದ್ದದ್ದು ಗೋಡೆಯ ಕಡೆಗೆ; ಅವಳ ಬೆನ್ನು ಅವನಿಗೆ.

ಸ್ವಲ್ಪ ಹೊತ್ತಿಗೆ ಸುತ್ತಿಗೆಯ ಸದ್ದು ಕೇಳಿಸಿತು. ಕೇಳಿಸಿದ್ದು ನಿಜ, ಅವಳಿಗೆ ಅದು ಅಪಾಯವೆಂದು ಅನಿಸಲಿಲ್ಲ ಎಂಬುದೂ ನಿಜ. ಎಷ್ಟೋ ವಾರಗಳಿಂದ ನಿಂತುಹೋಗಿದ್ದ ಸದ್ದು ಅದು. ಅದನ್ನು ಕೇಳುತ್ತಾ ಅವಳ ಕಾಲು ಯಂತ್ರವನ್ನು ಹಗುರಾಗಿ ತುಳಿಯಿತು. ಆಮೇಲೆ ಎರಡು ತಟ್ಟು ಕೇಳಿಸಿತು. ಎದ್ದಳು, ಹೋದಳು, ಸೀಟಿನ ಬಟ್ಟೆಯನ್ನು ಎರಡೂ ಕೈಯಲ್ಲಿ ಎಳೆದು ಹಿಡಿದಳು. ಅವನು ಸುತ್ತಿಗೆಯನ್ನು ತುಟಿಗೆ ತಂದ, ಟಿಕ್ಕೆಂದಿತು, ಹೊಡೆದ. ಮತ್ತೆ ತುಟಿಗೆ ತಂದ.

ಆಗ ಅವಳ ಕಣ್ಣು ಅವನ ಬಾಯಿಯ ಮೇಲೆ ಬಿತ್ತು.

ಹಲ್ಲು ಕಟ್ಟಿದ್ದರೇನು, ಹಲ್ಲಿಗೂ ತುಟಿಗೂ ನಡುವೆ ಜಾಗವಿತ್ತಲ್ಲ. ಚಿಕ್ಕಂದಿನ ಅಭ್ಯಾಸ, ಕೈ ಒಂದು ಹಿಡಿ ಮೊಳೆ ಎತ್ತಿ ಅಲ್ಲಿಗೇ ಸುರಿದಿತ್ತು. ತಂತಿಯ ಸಂದಿನಲ್ಲಿ, ಸತ್ತ ತುಟಿಯ ಹಿಂದೆ, ಮೊಳೆಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಬಾಯಲ್ಲಿ ಏನೋ ಅದು!"

ಅವಳ ಕೂಗಿಗೆ ಅವನು ಬೆಚ್ಚಿಬಿದ್ದ. ತಾನೇನು ಮಾಡಿದ್ದೇನೆಂದು ಆಗ ಹೊಳೆಯಿತು. ತುಟಿ ಜಗ್ಗಿ ಅಂಗೈಗೆ ಮೊಳೆ ಉದುರಿಸಿಕೊಂಡ, ಬೆರಳು ಹಾಕಿ ಇನ್ನೊಂದೆರಡು ತೆಗೆದ. ಆಮೇಲೆ ಅಕ್ಕನ ಮುಖ ನೋಡಿದ. ಎಲ್ಲ ಬಂತೇ? ಮೊದಲೆಲ್ಲ ಅದರ ಲೆಕ್ಕ ನಾಲಿಗೆಗೆ ಇರುತ್ತಿತ್ತು, ತುಟಿಗೆ ಇರುತ್ತಿತ್ತು. ನಾಲಿಗೆ ಈಗ ಹಲ್ಲಿನ ಗೋಡೆಯ ಆಚೆ ಇತ್ತು. ತುಟಿಗೆ ಜೀವವಿರಲಿಲ್ಲ. ಒಂದು ಮೊಳೆ ಕಡೆಯ ಹಲ್ಲಿನ ಹಿಂದಿನ ಸಂದಿನಿಂದ ಒಳಗೆ ಜಾರಿದ್ದರೆ? ಆ ಯೋಚನೆ ಅವನ ಮುಖದ ಮೇಲೆ ಮೂಡಿದ್ದನ್ನು ಅವಳು ಕಂಡಳು. ಅದೇ ಗಳಿಗೆಯಲ್ಲಿ ಅವನಿಗೆ ಉಗುಳು ನೆತ್ತಿಗೇರಿತು.

ಬಾಯಿ ಬಿಡಲಾಗದ ಮನುಷ್ಯ ಕೆಮ್ಮುವುದನ್ನು ಯಾರೂ ನೋಡಬಾರದು. ಎದೆ ಗುಮ್ಮೆಂದು ಏರುತ್ತಿತ್ತು, ಸದ್ದು ಹಲ್ಲಿಗೆ ಬಡಿದು ಒಳಗೇ ವಾಪಸಾಗುತ್ತಿತ್ತು. ಕಣ್ಣು ಹೊರಬಂದವು, ಕತ್ತಿನ ನರ ಹುರಿಯಾದವು, ಮುಖ ಕೆಂಪಾಗಿ ಕಪ್ಪಿಗೆ ತಿರುಗಿತು. ಅವನು ಸೀಟಿನ ಚೌಕಟ್ಟನ್ನು ಹಿಡಿದು ಕುಸಿದ, ಕೈಯಲ್ಲಿದ್ದ ಸುತ್ತಿಗೆ ಎತ್ತಿದ.

ಟಕ್.

ಅಕ್ಕನ ಕೈ ಕೊರಳಿಗೆ ಹೋಯಿತು, ಕಟ್ಟರ್ ಹಿಡಿಯಿತು. ಎಡಗೈ ಅವನ ತುಟಿ ಎತ್ತಿತು. ಡಾಕ್ಟರಮ್ಮ ತೋರಿಸಿದ್ದ ತಂತಿ ಅಲ್ಲೇ ಇತ್ತು, ಬೆಳ್ಳಗೆ, ಕಣ್ಣಿಗೆ ಹೊಡೆಯುವಂತೆ. ಕಟ್ಟರಿನ ಬಾಯಿ ತಂತಿಯ ಎರಡೂ ಬದಿಗೆ ಕೂತಿತು.

ಟಕ್.

ಅವಳ ಬೆರಳು ಬಿಗಿಯಲಿಲ್ಲ. ಅದು ತನ್ನ ಕೈಯೇ ಎಂದು ಅವಳಿಗೆ ಅನಿಸಲಿಲ್ಲ. ಕತ್ತರಿಸಿದರೆ ಅಮ್ಮನ ಬಾಯಿ ಹೋಗುತ್ತದೆ, ಎದುರು ಕೂತು ತಿನ್ನುವ ತುತ್ತು ಹೋಗುತ್ತದೆ. ಕತ್ತರಿಸದಿದ್ದರೆ ತಮ್ಮನೇ ಹೋಗುತ್ತಾನೆ. ಅವನ ಕಣ್ಣು ಅವಳ ಕೈಯಲ್ಲೇ ನೆಟ್ಟಿತ್ತು. ಮಾತು ಕೊಟ್ಟಿದ್ದೀಯ ಎಂದು ಆ ಕಣ್ಣು ಹೇಳುತ್ತಿತ್ತು.

ಟಕ್. ಸ್ವಲ್ಪ ತಡೆದು, ಟಕ್. ಆಮೇಲೆ ಸುತ್ತಿಗೆ ಅವನ ಕೈಯಿಂದ ಬಿದ್ದುಹೋಯಿತು.

ಅವನ ಮೂಗಿನ ಕೆಳಗೆ ಸೀಟಿನ ಹತ್ತಿಯ ಎಳೆಯೊಂದು ಅಂಟಿಕೊಂಡಿತ್ತು. ಅದು ಹಾರಿತು, ಮಲಗಿತು, ಮತ್ತೆ ಹಾರಿತು. ಉಸಿರಿದೆ. ಅವಳು ಕಟ್ಟರ್ ಬಿಟ್ಟು ನೆಲದ ಮೇಲಿದ್ದ ಸುತ್ತಿಗೆ ಎತ್ತಿಕೊಂಡಳು, ಅಯಸ್ಕಾಂತದ ಮುಖವನ್ನು ಅವನ ತುಟಿಯೊಳಗೆ ಇಟ್ಟು ಈ ಮೂಲೆಯಿಂದ ಆ ಮೂಲೆಗೆ ಮೆಲ್ಲಗೆ ಎಳೆದಳು. ಎಡಗೆನ್ನೆಯ ತುದಿಯಲ್ಲಿ, ಕಡೆಯ ಹಲ್ಲಿನ ಪಕ್ಕದಲ್ಲಿ, ಟಿಕ್ಕೆಂದಿತು. ಹೊರತೆಗೆದಾಗ ಸುತ್ತಿಗೆಯ ಮುಖಕ್ಕೆ ಒಂದು ಮೊಳೆ ಅಂಟಿತ್ತು, ಉಗುಳಿನಲ್ಲಿ ಮಿನುಗುತ್ತಾ. ಅಷ್ಟಕ್ಕೇ ಅವಳಿಗೆ ಧೈರ್ಯ ಬರಲಿಲ್ಲ. ಮತ್ತೆ ಎಳೆದಳು, ಮತ್ತೆ ಮತ್ತೆ ಎಳೆದಳು, ತುಟಿಯ ಒಳಗೆ ಗೀರಿ ರಕ್ತ ಬರುವ ತನಕ. ಅವನು ನೋವೆಂದು ಮುಖ ಕಿವುಚಲಿಲ್ಲ, ತಿಳಿದರೆ ತಾನೆ. ರಕ್ತ ಕಂಡ ಮೇಲೆ ಅವಳು ನಿಲ್ಲಿಸಿದಳು. ಅಷ್ಟರಲ್ಲಿ ಅವನ ಕೆಮ್ಮು ಇಳಿದು ಮೂಗಿನಲ್ಲಿ ಸುಯ್ಯೆನ್ನುವ ಉಸಿರು ಆಡುತ್ತಿತ್ತು.

ಚಾವಿ ಅಜ್ಜನೇ ಗಾಡಿ ಕರೆದು ಇಬ್ಬರನ್ನೂ ಹತ್ತಿಸಿದ. ಆಸ್ಪತ್ರೆಯಲ್ಲಿ ದವಡೆ, ಎದೆ, ಹೊಟ್ಟೆ ಎಲ್ಲದರ ಎಕ್ಸ್‌ರೇ ತೆಗೆದರು. ಪ್ಲೇಟುಗಳು ಇದ್ದಲ್ಲೇ ಇದ್ದವು, ಸ್ಕ್ರೂಗಳು ಇದ್ದಲ್ಲೇ ಇದ್ದವು, ಮೊಳೆ ಎಲ್ಲೂ ಇರಲಿಲ್ಲ. ಡಾಕ್ಟರಮ್ಮ ತಮ್ಮನಿಗೆ ಚೆನ್ನಾಗಿ ಬೈದರು. ಅಕ್ಕನ ಕಡೆ ತಿರುಗಿ, "ಬೇರೆ ಯಾರಾದರೂ ಆಗಿದ್ರೆ ಕತ್ತರಿಸಿಬಿಡ್ತಿದ್ರು. ನೀವು ಉಸಿರಾಡ್ತಿದಾರೆ ಅಂತ ನೋಡಿದ್ರಲ್ಲ, ಅದು ದೊಡ್ಡದು" ಎಂದರು.

ಅಕ್ಕ ಕೊರಳಿನ ಕಟ್ಟರನ್ನು ಸೆರಗಿನಿಂದ ಮುಚ್ಚಿಕೊಂಡಳು. ಹತ್ತಿಯ ಎಳೆ ಕಂಡದ್ದು ಕೈ ನಿಂತ ಮೇಲೋ ಮೊದಲೋ? ಎಷ್ಟು ನೆನೆಸಿಕೊಂಡರೂ ಕೈ ಮೊದಲು ನಿಂತಿತ್ತು.

ಅಂದಿನಿಂದ ತಮ್ಮ ತಟ್ಟುವುದನ್ನು ಬಿಟ್ಟ. ನೀರು ಬೇಕೆಂದರೆ ಸ್ಲೇಟಿನ ಮೇಲೆ ನೀರು ಎಂದು ಬರೆದ. ಟೀ ಎಂದರೂ ಬರೆದ. ಅವಳು ಹಾಲು ಬಿಡುವಾಗ ಕಣ್ಣು ಮುಚ್ಚಿಕೊಂಡ. ಕೋಪವೋ, ಹೆದರಿಕೆಯೋ, ಅವಳಿಗೆ ತಿಳಿಯಲಿಲ್ಲ, ಕೇಳಲು ಧೈರ್ಯ ಬರಲಿಲ್ಲ. ಇಷ್ಟು ದಿನ ಬಾಯಿ ಮುಚ್ಚಿರುವುದಕ್ಕೆ ಹೆದರುತ್ತಿದ್ದಳು. ಈಗ ಅದು ತೆರೆಯುವ ದಿನಕ್ಕೆ ಹೆದರತೊಡಗಿದಳು. ಅವನ ಬಾಯೊಳಗೆ ತನಗಾಗಿ ಒಂದು ಮಾತು ಕೂತಿದೆ, ತಂತಿ ಬಿಚ್ಚಿದ ಕೂಡಲೇ ಹೊರಗೆ ಬರುತ್ತದೆ ಎಂದು ಅವಳಿಗೆ ಖಚಿತವಾಗಿತ್ತು. ಕಟ್ಟರ್ ಇನ್ನೂ ಕೊರಳಲ್ಲೇ ಇತ್ತು. ಸ್ನಾನಕ್ಕೆ ಹೋದಾಗಲೂ ತೆಗೆಯಲಿಲ್ಲ.

ಆ ದಿನ ಬಂತು. ಡಾಕ್ಟರಮ್ಮ ತಂತಿಯನ್ನು ಕಚಕ್ ಕಚಕ್ ಎಂದು ಕತ್ತರಿಸಿದರು. ಎಷ್ಟು ಸುಲಭ ಅದು. ಬಾಯಿ ಒಂದು ಬೆರಳು ತೂರುವಷ್ಟು ಮಾತ್ರ ತೆರೆಯಿತು. "ಏನಾದ್ರೂ ಮಾತಾಡಿ ನೋಡೋಣ" ಎಂದರು ಡಾಕ್ಟರಮ್ಮ. ಅವನು ತುಟಿ ಅಲ್ಲಾಡಿಸಿದ, ಮಾತಾಡಲಿಲ್ಲ.

ಮನೆಗೆ ಬಂದರು. ಅಕ್ಕ ಬಾಳೆಹಣ್ಣನ್ನು ಹಾಲಿನಲ್ಲಿ ಕಿವುಚಿ ತಟ್ಟೆಯಲ್ಲಿ ತಂದಳು. ಅಭ್ಯಾಸದಂತೆ ಅದನ್ನು ಗೋಡೆಯ ಕಡೆ ಇಟ್ಟಳು. ತಮ್ಮ ತಟ್ಟೆ ಎತ್ತಿಕೊಂಡು ಬಂದು ಅವಳ ಎದುರು ಕೂತ. ಒಂದು ಚಮಚ ಬಾಯಿಗೆ ಇಟ್ಟ, ಮೆಲ್ಲಗೆ ನುಂಗಿದ. ಹಲ್ಲಿಗೆ ಹಲ್ಲು ಸೇರಿದ್ದವು. ಗದ್ದದ ಮೇಲೆ ಹಾಲು ಇಳಿಯಿತು. ಅವಳು ತನ್ನ ಗದ್ದ ಮುಟ್ಟಿ ತೋರಿಸಿದಳು. ಒರೆಸಿಕೊಂಡ.

"ಯಾಕಕ್ಕ ಕತ್ತರಿಸ್ಲಿಲ್ಲ?"

ಮಾತು ತೊದಲಾಗಿತ್ತು, ಆದರೂ ಪ್ರತಿ ಅಕ್ಷರ ಕೇಳಿಸಿತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಡಾಕ್ಟರಮ್ಮ ಹೇಳಿದ್ದನ್ನೇ ಹೇಳಿಬಿಟ್ಟರೆ ಸಾಕಿತ್ತು.

"ಹೆದರಿಕೆ ಕಣೋ" ಎಂದಳು. "ಉಸಿರು ಗಿಸಿರು ಆಮೇಲೆ ನೋಡಿದ್ದು. ಕೈ ಬರ್ಲಿಲ್ಲ. ನೀನು ತಟ್ತಾನೇ ಇದ್ದೆ, ನಂಗೆ ಕೈ ಬರ್ಲಿಲ್ಲ."

ಅವನು ಚಮಚವನ್ನು ತಟ್ಟೆಯಲ್ಲಿ ಇಟ್ಟ. "ನಿನ್ನ ಕೈ ನೋಡ್ತಿದ್ದೆ" ಎಂದ. "ನಾನು ಸತ್ತೋದೆ, ಇವಳು ಏನ್ ಮಾಡ್ಕೋತಾಳೋ ಅಂತ ಅನ್ಸಿಬಿಡ್ತು." ಆಮೇಲೆ ಇನ್ನೊಂದು ಚಮಚ ಬಾಯಿಗೆ ಇಟ್ಟ. ಅಕ್ಕ ಅಳು ತಡೆಯಲಿಲ್ಲ. ಅಳುತ್ತಲೇ ಕಟ್ಟರನ್ನು ಕೊರಳಿಂದ ತೆಗೆದು ಮೇಜಿನ ಮೇಲೆ ಇಟ್ಟಳು.

ತುಟಿಗೆ ಸ್ಪರ್ಶ ಅರ್ಧ ಮರಳಿತು, ಇನ್ನರ್ಧ ಇನ್ನೂ ಬಂದಿಲ್ಲ. ಮೊಳೆಗೆ ಈಗ ತಗಡಿನ ಮುಚ್ಚಳವೊಂದನ್ನು ಮೊಣಕಾಲಿನ ಹತ್ತಿರ ಇಟ್ಟುಕೊಳ್ಳುತ್ತಾನೆ. ಕೆಲಸ ನಿಧಾನ. ಮತ್ತೆ ಕೆಲಸಕ್ಕೆ ಕೂತ ಮೊದಲ ದಿನ, ಬಾಯಿ ಖಾಲಿಯಿದ್ದರೂ, ಹಳೆಯ ಅಭ್ಯಾಸದಲ್ಲಿ ಸುತ್ತಿಗೆಯಿಂದ ಚೌಕಟ್ಟಿಗೆ ಒಂದು ತಟ್ಟು ಕೊಟ್ಟ. ದಾರ ಬಿಗಿದು ನಿಂತಿತ್ತು. ಕತ್ತರಿಯ ಸದ್ದು ಕೇಳಿಸಲಿಲ್ಲ. ತಲೆ ಎತ್ತಿ ನೋಡಿದ. ಅಕ್ಕ ಕತ್ತರಿಯ ಬಾಯಿ ತೆರೆದು ದಾರಕ್ಕೆ ಹಿಡಿದು ಕೂತಿದ್ದಳು, ಬೆರಳು ಬಿಗಿಯುತ್ತಿರಲಿಲ್ಲ, ಮುಖ ಬಿಳಿಚಿಕೊಂಡಿತ್ತು.

ಅವನು ಎದ್ದು ಬಂದು ಅವಳ ಕೈಯಿಂದ ಕತ್ತರಿ ತೆಗೆದುಕೊಂಡು ದಾರವನ್ನು ತಾನೇ ಕತ್ತರಿಸಿದ, ಕತ್ತರಿಯನ್ನು ಅವಳ ಮಡಿಲಿಗೆ ಹಾಕಿ ಹೋಗಿ ಕೂತ. ಎರಡು ತಟ್ಟು ಈಗಲೂ ಇದೆ, ಮೂರು ತಟ್ಟಂತೂ ದಿನಕ್ಕೆ ಎಷ್ಟು ಸಲವೋ. ಆದರೆ ದಾರ ಬಿಗಿಯಾದಾಗ ಅವನು ಸುತ್ತಿಗೆಯನ್ನು ಕೆಳಗಿಡುತ್ತಾನೆ, ಅರ್ಧ ತುಟಿಯ ತೊದಲು ಮಾತಿನಲ್ಲಿ, "ಅಕ್ಕ, ದಾರ" ಎನ್ನುತ್ತಾನೆ.